ಕೊನೆಯ ಗುಡ್ಡೆ ಮರಿಯಪ್ಪನದು

ರಾಮನಗರದ ಹತ್ತಿರದ ಕೂಟಗಲ್ಲಿನಲ್ಲಿ ನಮ್ಮ ಬೀದಿಗೆ ನಲವತ್ತು ಮನೆ. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಎಲ್ಲರೂ ಸೇರಿ ಆರು ಕುರಿ ಕೊಯ್ದು, ಮಾಂಸವನ್ನು ತೆಂಗಿನ ಗರಿಗಳ ಮೇಲೆ ನಲವತ್ತು ಗುಡ್ಡೆ ಮಾಡಿ ಹಂಚಿಕೊಳ್ಳುತ್ತಿದ್ದೆವು. ತಕ್ಕಡಿ ಇಲ್ಲ. ಇದ್ದದ್ದು ಒಂದೇ ಕಟ್ಟಳೆ: ಗುಡ್ಡೆ ಹಾಕಿದವನು ಎಲ್ಲರೂ ಎತ್ತಿಕೊಂಡ ಮೇಲೆ ಉಳಿದದ್ದನ್ನು ತೆಗೆದುಕೊಳ್ಳಬೇಕು. ಒಂದು ಗುಡ್ಡೆ ಸಣ್ಣದಾದರೆ ಅದು ಅವನ ಪಾಲಿಗೇ ಬೀಳುತ್ತದೆ. ಮನುಷ್ಯನ ಒಳ್ಳೆಯತನವನ್ನು ನಂಬುವುದಕ್ಕಿಂತ ಅವನ ನಾಲಗೆಯ ಚಪಲವನ್ನು ನಂಬುವುದು ಮೇಲು ಎಂದು ನಮ್ಮ ಹಿರಿಯರು ಕಂಡುಕೊಂಡಿದ್ದರು.

ಇಪ್ಪತ್ತೆಂಟು ವರ್ಷ ಗುಡ್ಡೆ ಹಾಕಿದವನು ಮರಿಯಪ್ಪ. ಎರಡೆಕರೆ ಹಿಪ್ಪುನೇರಳೆ, ಎರಡು ಹಸು. ಮಿಕ್ಕ ದಿನಗಳಲ್ಲಿ ಊರು ಅವನನ್ನು ಯಾವುದಕ್ಕೂ ಕರೆಯುತ್ತಿರಲಿಲ್ಲ. ಪಂಚಾಯಿತಿಗೆ ನಿಂತು ಹನ್ನೊಂದು ವೋಟು ಪಡೆದಿದ್ದ ಆಸಾಮಿ. ಆದರೆ ಹೊಸತೊಡಕಿನ ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ ಗರಿಗಳ ಮುಂದೆ ಕೂತನೆಂದರೆ ಎಲ್ಲರ ಬಾಯಿ ಬಂದ್. ತೊಡೆ, ಪಕ್ಕೆ, ಮೂಳೆ, ಒಂದು ಚೂರು ಲಿವರ್, ಎಲ್ಲವೂ ಎಲ್ಲ ಗುಡ್ಡೆಗೂ. ವರ್ಷದಲ್ಲಿ ಅವನು ದೊಡ್ಡ ಮನುಷ್ಯನಾಗುತ್ತಿದ್ದುದು ಆ ಒಂದು ಗಂಟೆ ಮಾತ್ರ.

ಅಷ್ಟರಲ್ಲಿ ಬಿಡದಿ ಕಡೆ ಫ್ಯಾಕ್ಟರಿಗಳು ಬಂದವು, ಅವುಗಳ ಹಿಂದೆಯೇ ರಸ್ತೆಯುದ್ದಕ್ಕೂ ಬಾಡೂಟದ ಹೋಟೆಲುಗಳು ಬಂದವು. ಚಿಕ್ಕಂದಿನಲ್ಲಿ ಹಬ್ಬಕ್ಕೋ ನೆಂಟರು ಬಂದಾಗಲೋ ಮಾಂಸ ಕಂಡಿದ್ದ ಮರಿಯಪ್ಪ, ಈಗ ರೇಷ್ಮೆಗೂಡು ಮಾರಲು ರಾಮನಗರಕ್ಕೆ ಹೋದಾಗ ಬೋಟಿ, ಬರುವಾಗ ಚಾಪ್ಸು, ಭಾನುವಾರ ಮನೆಯಲ್ಲಿ ಕಾಲು ಸೂಪು ಎಂದು ನಿಯಮ ಇಟ್ಟುಕೊಂಡ. 2006ರ ಹೊಸತೊಡಕಿನ ಬೆಳಿಗ್ಗೆಯೇ ಅವನ ಬಲಗಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿಕೊಂಡಿತು. ಹೊದಿಕೆ ತಗುಲಿದರೂ ಅರಚುತ್ತಿದ್ದ.

ರಾಮನಗರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಯೂರಿಕ್ ಆಸಿಡ್ ಜಾಸ್ತಿ ಆಗಿದೆ. ಮಾಂಸ ಅರ್ಧಕ್ಕೆ ಇಳಿಸಿ, ಲಿವರ್ ಮುಟ್ಟಲೇಬೇಡಿ. ಹೃದಯಕ್ಕೂ ಒಳ್ಳೆಯದು" ಎಂದರು.

ಆ ವರ್ಷ ಗುಡ್ಡೆ ಹಾಕಿದವನು ಮರಿಯಪ್ಪನ ಎದುರು ಮನೆಯ ದೊಡ್ಡಹನುಮಯ್ಯ. ಮೊದಲನೆಯ ಗುಡ್ಡೆ ಬೆಟ್ಟವಾಯಿತು, ಇಪ್ಪತ್ತನೆಯದು ದಿಣ್ಣೆಯಾಯಿತು, ನಲವತ್ತನೆಯದಕ್ಕೆ ಬರೀ ಮೂಳೆ. ಕಟ್ಟಳೆ ಪ್ರಕಾರ ಆ ಮೂಳೆ ಅವನ ಮನೆಗೇ ಹೋಯಿತು. ಬೀದಿ ನಾಯಿಗಳಿಗೆ ಅಂದಿನಿಂದ ಅವನ ಮೇಲೆ ಗೌರವ ಹೆಚ್ಚಿತು.

ಮರುವರ್ಷ ಯುಗಾದಿಗೆ ವಾರವಿರುವಾಗ ಅರಳಿಕಟ್ಟೆಯಲ್ಲಿ ಸೇರಿದೆವು. ಮರಿಯಪ್ಪ ಮೆಲ್ಲಗೆ, "ಗುಡ್ಡೆ ನಾನೇ ಹಾಕ್ತೀನಿ. ನಂಗೆ ಮಾತ್ರ ಅರ್ಧ ಸಾಕು ಕಣ್ರಪ್ಪ, ಡಾಕ್ಟ್ರು ಹೇಳವ್ರೆ" ಎಂದ.

ದೊಡ್ಡಹನುಮಯ್ಯ ಇಂಥ ಮಾತಿಗೇ ಕಾದಿದ್ದ. "ಅರ್ಧ ಗುಡ್ಡೆ ತಿನ್ನೋನು ಅರ್ಧ ನ್ಯಾಯ ಮಾಡ್ತಾನೆ ಕಣ್ಲಾ. ನಿಂಗೆ ಆಸೆನೇ ಇಲ್ಲ ಅಂದ್ಮೇಲೆ ನಿನ್ ಕೈನ ಹೆಂಗ್ಲಾ ನಂಬದು?"

ಮಾತಿನಲ್ಲಿ ಹುರುಳಿತ್ತು: ಸಣ್ಣ ಗುಡ್ಡೆಯೇ ಬೇಕೆನ್ನುವವನನ್ನು ನಮ್ಮ ಕಟ್ಟಳೆ ಕಟ್ಟಿಹಾಕಲಾರದು. ಮರಿಯಪ್ಪ ಎದ್ದು ಮನೆಗೆ ಹೋದ. ಕಾಲು ಉಳಿಸಿಕೊಂಡರೆ ಗರಿಗಳ ಮುಂದಿನ ಜಾಗ ಹೋಗುತ್ತದೆ, ಜಾಗ ಉಳಿಸಿಕೊಂಡರೆ ಕಾಲು ಹೋಗುತ್ತದೆ. ಹೆಂಡತಿ ಚಿಕ್ಕಲಕ್ಷ್ಮಮ್ಮ ಅವರೆಕಾಳು ಹಸನು ಮಾಡುತ್ತ ಎಲ್ಲ ಕೇಳಿಸಿಕೊಂಡಳು.

"ಅದುಕ್ಯಾಕೆ ಇಂಗೆ ಮಕ ಊದುಸ್ಕೊಂಡು ಕೂರದು? ನಲವತ್ತೂ ಗುಡ್ಡೆ ಅರ್ಧ ಮಾಡುದ್ರೆ ಕೊನೇದು ತಾನಾಗೇ ಅರ್ಧ ಆಯ್ತದೆ. ಸಾರ್ಗೆ ಒಸಿ ಕಾಳು ಜಾಸ್ತಿ ಹಾಕುದ್ರಾಯ್ತು."

ಮರಿಯಪ್ಪ ಕುಂಟಿಕೊಂಡೇ ಕಟ್ಟೆಗೆ ಓಡಿ ಬಂದ. ಅವನು ತಂದ ಹೆಂಡತಿಯ ಮಾತು ಕೇಳಿ ಗದ್ದಲವೆದ್ದಿತು. ಒಬ್ಬನ ಹೆಬ್ಬೆರಳಿಗಾಗಿ ನಲವತ್ತು ಮನೆ ಪಥ್ಯ ಮಾಡಬೇಕೇ ಎಂದು ನಾನೂ ಕೂಗಾಡಿದೆ, ಸುಳ್ಳೇಕೆ ಹೇಳಲಿ.

ಆಗ ಕುರಿ ಮೇಯಿಸುವ ಮುನಿರಾಮಯ್ಯ ಬಾಯಿ ಬಿಟ್ಟ. "ಆರು ಕುರಿ ಎಲ್ಲಿಂದ ತರದು? ಗೋಮಾಳದಲ್ಲಿ ಫ್ಯಾಕ್ಟರಿ ಶೆಡ್ಡು ಎದ್ದೈತೆ. ಹಳ್ಳದ ನೀರ್ಗೆ ಬಣ್ಣ ಬಂದೈತೆ, ಕುರಿ ಮೂಸೂ ನೋಡಲ್ಲ. ಇರೋ ಮೇವ್ನಲ್ಲಿ ಮೂರು ಬಲ್ತವೆ ಅಷ್ಟೇಯ. ಮಿಕ್ಕವು ಲಾರಿಲಿ ಎಲ್ಲಿಂದ್ಲೋ ಬರ್ಬೇಕು."

ಡಾಕ್ಟರು ಹೇಳಿದ್ದೂ ಅರ್ಧ, ನೆಲ ಹೇಳಿದ್ದೂ ಅರ್ಧ. ಆದರೂ ಗೊಣಗಾಟ ನಿಲ್ಲಲಿಲ್ಲ. ಹಾಗಾದರೆ ಆರು ತರಿಸಿ ಮತ್ತೆ ದೊಡ್ಡಹನುಮಯ್ಯನ ಕೈಗೆ ಕೊಡೋಣವೇ ಎಂದು ಯಾರೋ ಕೇಳಿದ ಮೇಲೆ ನಿಂತಿತು.

ಹೊಸತೊಡಕಿನ ಬೆಳಿಗ್ಗೆ ಮರಿಯಪ್ಪ ತನ್ನ ಜಾಗದಲ್ಲಿ ಕೂತ. ಗುಡ್ಡೆಗಳು ಸಣ್ಣವು, ಆದರೆ ಅಕ್ಕತಂಗಿಯರಂತೆ ಸಮ. ಒಬ್ಬೊಬ್ಬರೇ ಎತ್ತಿಕೊಂಡೆವು. ಕೊನೆಯದು ಉಳಿಯಿತು. ಅದರ ನೆತ್ತಿಯ ಮೇಲೆ ಒಂದು ಚೂರು ಲಿವರ್. ಸಮ ಎಂದ ಮೇಲೆ ಕೊನೆಯ ಗುಡ್ಡೆಗೂ ಹಾಕಲೇಬೇಕಿತ್ತು. ಮರಿಯಪ್ಪ ಅದನ್ನೇ ನೋಡುತ್ತ ಉಗುಳು ನುಂಗಿದ. ನನಗೆ ನಿಜಕ್ಕೂ ಪಾಪ ಅನ್ನಿಸಿತು.

ದೊಡ್ಡಹನುಮಯ್ಯ ಬಂದು ಪಕ್ಕದಲ್ಲಿ ಕೂತ. ಆ ಚೂರನ್ನು ತೆಗೆದು ತನ್ನ ಪಾತ್ರೆಗೆ ಹಾಕಿಕೊಂಡ. ತನ್ನ ಪಾಲಿನಿಂದ ಒಂದು ಮೂಳೆ ಆರಿಸಿ ಅಲ್ಲಿಟ್ಟ.

"ಲಿವರ್ಗೆ ಮೂಳೆನೇನ್ಲಾ?" ಎಂದ ಮರಿಯಪ್ಪ.

"ಹೋದ್ ವರ್ಸದ್ ಬಾಕಿ ಕಣ್ಲಾ. ನಿನ್ ಕಾಲು ಊದುದ್ಕೆ ತಾನೆ ಅಷ್ಟೂ ಮೂಳೆ ನನ್ ಪಾಲಿಗೆ ಬಿದ್ದಿದ್ದು?" ದೊಡ್ಡಹನುಮಯ್ಯ ಪಾತ್ರೆ ಎತ್ತಿಕೊಂಡು ಎದ್ದ. "ಇನ್ನೊಂದ್ ಸಲ ಊದುಸ್ಕಬ್ಯಾಡ. ಮುಂದ್ಲೊರ್ಸನೂ ನೀನೇ ಕೂರ್ಬೇಕು."