ಕೊಳವೆಯ ಬಾಯಿ ತಿರುಗಿಸಿದವನು ನಾನು

ತಪ್ಪು ಮುನಿಯಪ್ಪನದಲ್ಲ. ನಮ್ಮ ಬಚ್ಚಲ ಕೊಳವೆಗಳನ್ನು ಉಲ್ಟಾ ಜೋಡಿಸು ಅಂತ ಹೇಳಿದವನು ನಾನು — ದೊಡ್ಡಪ್ಪನ ದನಿಯಲ್ಲಿ. ಇಷ್ಟೇ ಮಾತು. ಇಷ್ಟು ಹೇಳೋದಕ್ಕೆ ನನಗೆ ಒಂದು ಮಹಾಯುದ್ಧ ಶುರುವಾಗಿ ಮುಗಿಯುವಷ್ಟು ಕಾಲ ಬೇಕಾಯಿತು. ಥೂ, ನನ್ನ ಜನ್ಮಕ್ಕೆ!

ಮುಳಬಾಗಿಲಲ್ಲಿ ನಾನು ಅಣಕಿಸದ ಗಂಟಲಿಲ್ಲ. ಮಠದ ಅಡಿಗೆಯವರ ಕೆಮ್ಮು, ಜಟಕಾ ಸಾಬರ ಬೈಗುಳ, ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವ ನಮ್ಮ ದೊಡ್ಡಮ್ಮನ ಜಗಳ. ಕನ್ನಡಿ ಮುಂದೆ ನಿಂತು ನನ್ನನ್ನೇ ಅಣಕಿಸಿಕೊಂಡದ್ದೂ ಉಂಟು: ಕಡ್ಡಿ ಕುತ್ತಿಗೆ, ಮೊರದಂಥ ಕಿವಿ, ಕೆಲಸವಿಲ್ಲದ ಬಾಯಿ. ನಗೋದಕ್ಕೆ ಸರಕು ಬೇಕಾದಷ್ಟಿತ್ತು.

ಯುದ್ಧ ಶುರುವಾಗುವ ಹಿಂದಿನ ವರ್ಷ ದೊಡ್ಡಪ್ಪ ಬಚ್ಚಲ ಹಳೇ ಕಲ್ಲುಮೋರಿ ಕೀಳಿಸಿ, ಹಿತ್ತಲ ಗುಂಡಿಯವರೆಗೆ ಮಣ್ಣಿನ ಕೊಳವೆ ಹಾಕಿಸಲು ಹೊರಟರು. ಕೆಲಸಕ್ಕೆ ಬಂದವನು ಮುನಿಯಪ್ಪ — ಶ್ರೀನಿವಾಸಪುರದ ಕಡೆಯ ಗಾರೆಯವನು, ಜಂಬದವನು, ಬಾಯಿಬಡುಕ. ಆ ಕೊಳವೆಗೆ ಒಂದು ತುದಿ ಅಗಲ, ಅದು ಬಾಯಿ. ಇನ್ನೊಂದು ತುದಿ ಸಪೂರ. ಬಾಯಿ ಯಾವಾಗಲೂ ನೀರು ಬರುವ ಕಡೆಗೆ, ಅಂದರೆ ಬಚ್ಚಲ ಕಡೆಗೆ, ಇರಬೇಕು. ಮೇಲಿನ ಕೊಳವೆಯ ಸಪೂರ ತುದಿ ಕೆಳಗಿನದರ ಬಾಯೊಳಗೆ ಕೂತರೆ ನೀರು ಸಲೀಸಾಗಿ ಇಳಿಯುತ್ತೆ. ತಿರುಗಿಸಿ ಇಟ್ಟರೆ ಸಂದುಸಂದಿನಲ್ಲೂ ಜಿನುಗುತ್ತೆ.

ನಮ್ಮದು ಮಡಿಯ ಮನೆ. ಗಾರೆಯವನು ಬಚ್ಚಲ ಗೋಡೆಯ ಆಚೆ ನಿಂತು ಕೆಲಸ ಮಾಡಬೇಕು. ದೊಡ್ಡಪ್ಪ ಈಚೆಯಿಂದ ಕೂಗಿ ಅಪ್ಪಣೆ ಕೊಡೋರು. ಮುಖ ನೋಡುವ ಪದ್ಧತಿಯೇ ಇಲ್ಲ. ಈಚೆ ಗಂಟಲು, ಆಚೆ ಕೈ. ಇಂಥ ಮನೆಯಲ್ಲಿ ನನ್ನಂಥವನು ಹುಟ್ಟಬಾರದು.

ಕೆಲಸ ಶುರುವಾದ ದಿನ ಮುನಿಯಪ್ಪನೆದುರು ದೊಡ್ಡಪ್ಪನನ್ನು ಅಣಕಿಸಿ ತೋರಿಸಿದ್ದೆ. ಅವನು ನಗಲಿಲ್ಲ. "ಮೇಕೆಮರಿ ಅರಚಿದಂಗೈತೆ, ಚಿಕ್ಕಸಾಮಿ. ದೊಡ್ಡ ಸಾಮೇರ ಗಂಟ್ಲು ನಿಮಗೆಲ್ಲಿ ಬರ್ತದೆ?" ಅಂದ. ಬೀದಿಯೆಲ್ಲ ಹೊಗಳುವ ನನ್ನನ್ನು ಒಬ್ಬ ಮೇಕೆಮರಿ ಅಂದ — ಅಷ್ಟೇ, ನನಗೆ ಉರಿದುಹೋಯಿತು.

ಮರುದಿನ ದೊಡ್ಡಪ್ಪ ಮಠಕ್ಕೆ ಹೋದದ್ದು ನೋಡಿಕೊಂಡು ಗೋಡೆಯ ಈಚೆ ನಿಂತು ಅವರ ದನಿ ತೆಗೆದೆ. "ಲೋ ಮುನಿಯ, ಬಾಯಿ ಎಲ್ಲಾ ಗುಂಡಿ ಕಡೆಗೆ ತಿರುಗಿಸೋ!"

ಆಚೆ ಗಾರೆ ಮೆತ್ತುವ ಕರಣೆಯ ಸದ್ದು ನಿಂತಿತು. "ಸಾಮಿ, ಬಾಯಿ ಬಚ್ಚಲ ಕಡೀಕಿರಬೇಕಲ್ರಾ... ನೀರು ಸೋರ್ತದೆ."

"ಮನೆ ನಂದೋ, ನಿಂದೋ?"

ಇದು ದೊಡ್ಡಪ್ಪನ ಬ್ರಹ್ಮಾಸ್ತ್ರ. ಇದಾದಮೇಲೆ ಯಾರೂ ಉಸಿರೆತ್ತುವ ಹಾಗಿಲ್ಲ. ಆಚೆ ಕೊಳವೆಗಳನ್ನು ತಿರುಗಿಸಿಡುವ ಸದ್ದು ಬಂತು. ನಾನು ಗೆದ್ದೆ. ಓಡಿಹೋಗಿ ಅವನ ಮೂತಿ ನೋಡಿ ನಗಬೇಕು ಅಂತಿದ್ದೆ — ಅಷ್ಟರಲ್ಲಿ ದೊಡ್ಡಮ್ಮ ಊಟಕ್ಕೆ ಕೂಗಿದರು. ಅವರೆಕಾಳಿನ ಹುಳಿ. ಕೂತು ಬಡಿದೆ. ಎದ್ದು ಹೋಗಿ ನೋಡಿದರೆ ಕೊಳವೆಯ ಮೇಲೆ ಮಣ್ಣು ಬಿದ್ದಿತ್ತು. ಆಗಲೂ ಹೇಳಬಹುದಿತ್ತು. ಗಾರೆ ಇನ್ನೂ ಹಸಿ. ಒಂದು ಮಾತು ಸಾಕಿತ್ತು —

ಗೋಡೆಯ ಈಚೆ, ಕೊಳವೆಯ ಸಾಲಿಗೆ ಹತ್ತಿರದಲ್ಲೇ, ದೊಡ್ಡಪ್ಪ ಪೂಜೆಗೆ ಸೇದುವ ಬಾವಿ. ಸ್ವಲ್ಪ ಕಾಲದಲ್ಲೇ ಅದರ ನೀರು ಸೀಗೆಪುಡಿ ನಾತ ಹೊಡೆಯಿತು. ದೊಡ್ಡಪ್ಪ ಅಗೆಸಿ ನೋಡಿದರು, ಕೊಳವೆಯ ಬಾಯಿ ಎಲ್ಲಾ ಉಲ್ಟಾ. ಮುನಿಯಪ್ಪನನ್ನು ಕರೆಸಿ ನಡುಬೀದಿಯಲ್ಲಿ ನಿಲ್ಲಿಸಿದರು.

"ಕಣ್ಣು ಕಾಣಲ್ವೇನೋ, ಕತ್ತೆ?"

"ತಾವೇ ಅಪ್ಪಣೆ ಕೊಟ್ರಿ, ಸಾಮಿ."

"ನಾನಾ? ಮಾಡಿದ್ದಲ್ದೆ ಸುಳ್ಳು ಬೇರೆ ಹೇಳ್ತೀಯ!"

ಮುನಿಯಪ್ಪ ನನ್ನ ಕಡೆ ನೋಡಿದ. ಅವನಿಗೆ ಗೊತ್ತಾಗಿತ್ತು — ಆಣೆ ಮಾಡಿ ಹೇಳ್ತೀನಿ, ಗೊತ್ತಾಗಿತ್ತು. ನಾನು ನನ್ನ ಕಾಲ ಹೆಬ್ಬೆರಳು ನೋಡುತ್ತಾ ನಿಂತೆ.

ಇಷ್ಟಕ್ಕೇ ನಿಂತಿದ್ದರೆ ಹೇಡಿ ಅನ್ನಬಹುದಿತ್ತು. ಅದೇ ಸಂಜೆ ಜಗಲಿಯ ಮೇಲೆ ಕೈಕಟ್ಟಿ ನಿಂತು, "ತಾವೇ ಅಪ್ಪಣೆ ಕೊಟ್ರಿ, ಸಾಮಿ" ಅಂತ ಅವನ ನಡುಗುವ ದನಿಯನ್ನು ಆಡಿ ತೋರಿಸಿದೆ. ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. 'ಉಲ್ಟಾ ಮುನಿಯ' ಅನ್ನುವ ಹೆಸರೂ ನನ್ನ ಕೊಡುಗೆಯೇ. ಆಮೇಲೆ ಊರಿನಲ್ಲಿ ಒಂದು ಮನೆಯವರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಸುಳ್ಳ ಅನ್ನಿಸಿಕೊಂಡು, ಕರಣೆ ಚೀಲಕ್ಕೆ ಹಾಕಿಕೊಂಡು ಊರು ಬಿಟ್ಟ.

ವರ್ಷಗಳು ಕಳೆದವು, ಯುದ್ಧವೂ ಮುಗಿಯಿತು. ಈ ತಿಂಗಳು ಬಚ್ಚಲು ದೊಡ್ಡದು ಮಾಡಿಸುತ್ತಿದ್ದೇವೆ. ಹಿತ್ತಲಲ್ಲಿ ಮತ್ತೆ ಕೊಳವೆಗೆ ಕಾಲುವೆ ತೋಡಿಸಿದ್ದೇವೆ. ಹೊಸ ಗಾರೆಯವನಿಗೆ ದೊಡ್ಡಪ್ಪ, "ಆ ಉಲ್ಟಾ ಮುನಿಯನ ಥರ ಮಾಡಬೇಡಪ್ಪಾ" ಅಂದು ನಕ್ಕರು. ನನಗೆ ತಡೆಯಲಾಗಲಿಲ್ಲ. ದೊಡ್ಡಪ್ಪನನ್ನು ಒಳಗೆ ಕರೆದು ಹೇಳಿಬಿಟ್ಟೆ.

"ಗೊತ್ತಿತ್ತು ಕಣೋ, ಸೀನ," ಅಂದರು. "ನನ್ನ ದನಿ ಮಾಡೋನು ಈ ಮನೇಲಿ ಇನ್ಯಾರಿದಾನೆ? ಮನೆ ಹುಡುಗನನ್ನ ಬೀದೀಲಿ ಬಿಟ್ಟುಕೊಡೋಕಾಗುತ್ತಾ? ಈಗ್ಯಾಕೆ ಅದೆಲ್ಲ, ಕಾಫಿ ಕುಡಿ."

ಕಾಫಿ ಕುಡಿ! ಗೊತ್ತಿದ್ದೂ ಅವನನ್ನು ಕತ್ತೆ ಅಂದವರು! ಮೈಯೆಲ್ಲ ಬೆಂಕಿಯಾಯಿತು. ಆದರೆ ಅವರು ಬಾಯಿ ಮುಚ್ಚಿಕೊಂಡಿದ್ದರು ಅಂತ ನನ್ನ ತಪ್ಪು ಅರ್ಧ ಆಗೋದಿಲ್ಲ. ಗಂಟಲು ಅವರದಿರಬಹುದು, ನಾಲಿಗೆ ನನ್ನದು.

ಶ್ರೀನಿವಾಸಪುರಕ್ಕೆ ಹೋದೆ. ಮುನಿಯಪ್ಪ ಯಾರದೋ ಗೋಡೆ ಕಟ್ಟುತ್ತಿದ್ದ, ಗಡ್ಡ ಬೆಳ್ಳಗಾಗಿತ್ತು. "ಮುನಿಯಪ್ಪ, ಅವತ್ತು ಗೋಡೆ ಹಿಂದೆ —" ಅನ್ನುತ್ತಿದ್ದ ಹಾಗೆ ಕರಣೆ ಎತ್ತಿ ತಡೆದ.

"ಇಕ್ಕಡ ವದ್ದು. ಇಲ್ಲಿ ಬೇಡ. ಇಲ್ಯಾರೂ ನನ್ನ ಸುಳ್ಳ ಅಂದಿಲ್ಲ. ಅಂದಿದ್ದು ಅಲ್ಲಿ. ಅಲ್ಲಿ ಹೇಳು, ನಿನ್ ಬೀದೀಲಿ. ನಿನ್ ಗಂಟ್ಲಲ್ಲಿ."

ಚಿಕ್ಕಸಾಮಿ ಅನ್ನಲಿಲ್ಲ. ಮತ್ತೆ ತಿರುಗಿಯೂ ನೋಡಲಿಲ್ಲ.

ನಾಳೆ ಕಾಲುವೆಗೆ ಮಣ್ಣು ಬೀಳುವ ಮುಂಚೆ, ಅದೇ ಜಗಲಿಯ ಮೇಲೆ ನಿಂತು ಬೀದಿಯನ್ನು ಕರೆದು ನನ್ನದೇ ದನಿಯಲ್ಲಿ ಹೇಳುತ್ತೇನೆ. ಸೀನ ಏನೋ ಹೊಸದು ಕಲಿತಿದ್ದಾನೆ, ಇದು ಯಾರ ದನಿಯಪ್ಪಾ ಅಂತ ಮೊದಲು ನಗುತ್ತಾರೆ. ನಗಲಿ. ಆ ನಗು ನಿಲ್ಲುವವರೆಗೂ ಹೇಳುತ್ತಲೇ ಇರುತ್ತೇನೆ.