ಖಾಲಿ ಹೊಟ್ಟೆಯ ಗುರುಶಾಂತ

ಬಿಸ್ಮಿಲ್ಲಾ ಬೀ ಮೊಮ್ಮಗಳ ಕುರ್ತಾಕ್ಕೆ ಅಸ್ತರಿನ ಬಟ್ಟೆ ಕೇಳಲು ಬಂದಾಗ ಅಂಗಡಿಯಲ್ಲಿ ಯಾರೂ ಕಾಣಲಿಲ್ಲ. ಗಲ್ಲಾದ ಹಿಂದಿನಿಂದ ಒಂದು ನರಳಿಕೆ ಮಾತ್ರ ಬರುತ್ತಿತ್ತು. ಬಗ್ಗಿ ನೋಡಿದರೆ ಹುಮನಾಬಾದ್ ಬಜಾರಿನ ಬಟ್ಟೆ ವ್ಯಾಪಾರಿ ಗುರುಶಾಂತ ಎರಡೂ ಕೈ ಮುಂದೆ ಚಾಚಿ ಕುಕ್ಕರಗಾಲಲ್ಲಿ ಕೂತಿದ್ದ. ಬೈಠಕ್ ಹೊಡೆಯುತ್ತಿದ್ದ. ಹೊಡೆದದ್ದು ಒಂದು, ಅದರಲ್ಲೂ ಅರ್ಧ. ಇಳಿದಿದ್ದ, ಏಳಲಾಗಿರಲಿಲ್ಲ.

ಅವಳು ಎದುರಿನ ದರ್ಜಿ ಹುಸೇನನನ್ನು ಕೂಗಿದಳು.

"ಮೂವತ್ತು ವರ್ಷ ಈ ಗಾದಿ ಮ್ಯಾಲ ಬೈಠಕ್ ಮಾಡೀರಿ, ಸಾವ್ಕಾರ್ರೆ," ರಟ್ಟೆಗೆ ಕೈ ಹಾಕುತ್ತ ಹುಸೇನ ಅಂದ. "ಇನ್ನ ಹೊಸಾದೇನು ಕಲಿಯಾಕತ್ತೀರಿ?"

ಎಳೆದ ರಭಸಕ್ಕೆ ಪೈಜಾಮದ ಹೊಲಿಗೆ ಚರ್ರೆಂದು ಬಿಟ್ಟಿತು. ಬಿಸ್ಮಿಲ್ಲಾ ಬೀ ಮುಖ ತಿರುಗಿಸಿ ಅಸ್ತರಿನ ಥಾನು ನೋಡತೊಡಗಿದಳು.

"ಹೊಲಿಗಿ ನಂದ ಐತಿ," ಅಂದ ಹುಸೇನ. "ಆದ್ರ ನಾ ಅಳತಿ ತಗೊಂಡಾಗ ಮನುಷ್ಯಾ ಬ್ಯಾರೆ ಇದ್ದ."

ಗುರುಶಾಂತನಿಗೆ ನಗು ಬರಲಿಲ್ಲ. ಅವನ ತಂದೆ ಬಸವಣಪ್ಪ ಇದೇ ಗಾದಿಯ ಮೇಲೆ ಐವತ್ನಾಲ್ಕನೆಯ ವಯಸ್ಸಿಗೆ ಹೋದವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಸೂಜಿ ಶುರುವಾದ ಇಪ್ಪತ್ತೊಂದನೆಯ ದಿನ. ಅದಕ್ಕೂ ಮೊದಲು ಹತ್ತು ವರ್ಷ ಆ ಸಕ್ಕರೆಯನ್ನು ಯಾರೂ ವಿಚಾರಿಸಿರಲಿಲ್ಲ ಎಂಬುದನ್ನು ಮನೆ ಮರೆತಿತ್ತು. ಸೂಜಿಯನ್ನು ಮರೆತಿರಲಿಲ್ಲ. ಈಗ ಗುರುಶಾಂತನಿಗೆ ಐವತ್ನಾಲ್ಕು ನಡೆಯುತ್ತಿತ್ತು, ಸಕ್ಕರೆಯೂ ಕಾಣಿಸಿಕೊಂಡಿತ್ತು. ಹುಮನಾಬಾದಿನಲ್ಲಿ ತೋರಿಸಿದರೆ ಬಜಾರಿಗೆಲ್ಲ ಗೊತ್ತಾದೀತೆಂದು ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋಗಿ ತೋರಿಸಿಕೊಂಡಿದ್ದ. ಅಲ್ಲಿನ ಡಾಕ್ಟರಮ್ಮ ಮೂರು ತಿಂಗಳು ಗಡುವು ಕೊಟ್ಟಿದ್ದರು.

"ನಡೀರಿ, ಬಾಯಿ ಕಟ್ರಿ. ತಿಂಗಳಿಗೊಮ್ಮೆ ಖಾಲಿ ಹೊಟ್ಟೀಲೆ ಬಂದು ರಕ್ತ ಕೊಡ್ರಿ. ಮೂರನೇ ಸಲಾನೂ ಇಳೀಲಿಲ್ಲಂದ್ರ ಸೂಜಿ."

ಮನೆಯಲ್ಲಿ ಅನ್ನ ನಿಂತಿತು. ಹೆಂಡತಿ ಜಯಮಾಲಾ ಎರಡೇ ಜೋಳದ ರೊಟ್ಟಿ, ಪುಂಡಿಪಲ್ಯ, ಮೊಳಕೆ ಹೆಸರುಕಾಳು ಬಡಿಸಿ ತಾಟಿನ ಎದುರು ಕಾವಲು ಕೂತಳು. ಮೀಟರಿನಲ್ಲಿ ಬಟ್ಟೆ ಅಳೆಯುತ್ತಿದ್ದವನು ಕಿಲೋಮೀಟರಿನಲ್ಲಿ ತನ್ನನ್ನೇ ಅಳೆಯತೊಡಗಿದ. ದಿನಾ ಬೆಳಿಗ್ಗೆ ಮಾಣಿಕನಗರದವರೆಗೆ ನಡೆದು ಬರುತ್ತಿದ್ದ. ಮೊದಮೊದಲು ಆಟೋದವರು ಕನಿಕರದಿಂದ ನಿಲ್ಲಿಸುತ್ತಿದ್ದರು. ಹುಸೇನ ಪೈಜಾಮವನ್ನು ಎರಡು ಸಲ ಚಿಕ್ಕದು ಮಾಡಿದ. ಬೈಠಕ್ ಇಪ್ಪತ್ತಕ್ಕೆ ಏರಿತು.

ಸಕ್ಕರೆಯೂ ಏರಿತು. ಮೊದಲ ತಿಂಗಳು ಇನ್ನೂರ ಹತ್ತು. ಎರಡನೆಯ ತಿಂಗಳು ಇನ್ನೂರ ನಲವತ್ತು.

ಹೆದರಿಕೆ ಅವನ ಎದೆಯಲ್ಲಿ ಬಾಡಿಗೆ ಇಲ್ಲದೆ ಬಿಡಾರ ಹೂಡಿತು. ಏನೂ ಮಾಡದವನಿಗೆ ಮಾಡುತ್ತೇನೆಂಬ ಆಸೆಯಾದರೂ ಇರುತ್ತದೆ. ಎಲ್ಲ ಮಾಡಿಯೂ ಏರುತ್ತಿದೆಯೆಂದರೆ ಅದು ಅಪ್ಪನ ಹಣೆಬರಹವೇ ಸರಿ. ಗಾದಿಯ ಮೇಲೆ ಕೂಡುವುದನ್ನೇ ಬಿಟ್ಟ. ನಿಂತೇ ವ್ಯಾಪಾರ ಮಾಡಿದ. ಕಾಲು ಜೋಮು ಹಿಡಿದರೆ ಅದೂ ಸಕ್ಕರೆಯದೇ ಎಂದು ಹೆದರಿದ. ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ಅಪ್ಪನ ಫೋಟೋದ ಪಕ್ಕದಲ್ಲಿ ಖಾಲಿ ಮೊಳೆಯೊಂದು ಕಂಡು ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಈ ಮೊಳಿ ಯಾರು ಹೊಡದ್ರು?"

"ನಾನ ಹೊಡದೇನ್ರಿ, ಕ್ಯಾಲೆಂಡರಿಗೆ," ಅಂದಳು ಜಯಮಾಲಾ. "ನಿಮಗಲ್ಲ. ಉಣ್ರಿ."

ಅವಳು ಹಾಗೆ ಗದರಿದರೂ ಸಂಜೆಯೊಳಗೆ ಕ್ಯಾಲೆಂಡರು ತಂದು ಆ ಮೊಳೆಗೆ ತೂಗುಹಾಕಿದಳು. ಅವಳಿಗೂ ಹೆದರಿಕೆಯಿತ್ತು.

ಮೂರನೆಯ ಪರೀಕ್ಷೆಯ ದಿನ ಬಂತು. ಪರೀಕ್ಷೆಗೆ ಹೋಗುವ ಮುಂಜಾನೆ ಮಾಣಿಕನಗರದ ದಾರಿಯ ಹನುಮಪ್ಪನ ಗುಡಿಗೆ ಹೋಗದೆ ಗುರುಶಾಂತ ಎಂದೂ ಬಸ್ಸು ಹತ್ತಿದವನಲ್ಲ. ದಂಡ ಬೈಠಕ್ಕಿನ ದೇವರು, ಕೈ ಬಿಡಲಾರ. ಅಂದು ಮೂರರ ಬದಲು ಐದು ಸುತ್ತು ಹಾಕಿದ. ಪೂಜಾರಿ ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡ. ಬಸ್ ಸ್ಟ್ಯಾಂಡಿನತ್ತ ನಾಲ್ಕು ಹೆಜ್ಜೆ ಹೋದವನಿಗೆ ಸೂಜಿ ನೆನಪಾಗಿ, ಹಿಂದಿರುಗಿ ಮತ್ತೆ ಕೈಮುಗಿದ.

ಈ ಸಲ ಜಯಮಾಲಾಳೂ ಬಸ್ ಸ್ಟ್ಯಾಂಡಿನಲ್ಲಿ ಜೊತೆಗೂಡಿದಳು. ಬಸವಕಲ್ಯಾಣದಲ್ಲಿ ಅವನು ರಕ್ತ ಕೊಟ್ಟ ಮೇಲೆ ಗಂಡ ಹೆಂಡತಿ ದವಾಖಾನೆಯ ಬೆಂಚಿನ ಮೇಲೆ ಕೂತರು. ಒಳಗೆ ಕರೆದಾಗ ಡಾಕ್ಟರಮ್ಮನ ಕೈಯಲ್ಲಿ ಎರಡು ಕಾಗದಗಳಿದ್ದವು. ಅವರು ಒಂದನ್ನು ನೋಡುವರು, ಮತ್ತೊಂದನ್ನು ನೋಡುವರು. ಮೇಜಿನ ಖಾನೆಯನ್ನು ಎಳೆದರು. ಗುರುಶಾಂತ ಜಯಮಾಲಾಳ ಮಣಿಕಟ್ಟು ಹಿಡಿದ. ಇಪ್ಪತ್ತೊಂದು ದಿನ ಅಂದರೆ ಯಾವ ವಾರ ಬರುತ್ತದೆಂದು ಎಣಿಸತೊಡಗಿದ.

ಖಾನೆಯಿಂದ ಬಂದದ್ದು ಅವರ ಕನ್ನಡಕ.

"ಮೂರು ತಿಂಗಳ ಸರಾಸರಿ ಭಾಳ ಛಲೋ ಇಳದೈತ್ರಿ," ಕನ್ನಡಕ ಏರಿಸಿ ಮತ್ತೊಮ್ಮೆ ಓದಿದರು. "ಇವತ್ತಿಂದು ನೋಡಿದ್ರ ಇನ್ನೂರ ಎಂಬತ್ತು. ಎರಡೂ ಒಬ್ಬ ಮನುಷ್ಯಾಂದು ಅಂದ್ರ ನಂಬಾಕ ಆಗವಲ್ದು. ಖರೇ ಹೇಳ್ರಿ, ಮುಂಜಾನಿಂದ ಏನ್ ತಿಂದೀರಿ?"

"ಏನೂ ತಿಂದಿಲ್ರಿ," ಅಂದ ಗುರುಶಾಂತ. "ನೀರು ಸೈತ ಕುಡದಿಲ್ಲ. ಬರೇ ಪ್ರಸಾದ ತಗೊಂಡೇನಿ. ಶೀರಾ."

ಜಯಮಾಲಾ ತನ್ನ ಕೈ ಬಿಡಿಸಿಕೊಂಡಳು.

"ಎಷ್ಟು?" ಕೇಳಿದರು ಡಾಕ್ಟರಮ್ಮ.

"ಮೊದಲನೇ ತಿಂಗಳ ಒಂದ ಹಿಡಿ ಇತ್ರಿ," ಅಂದ ಅವನು. "ಈ ಸಲ ಹೆದರಿಕಿ ಭಾಳ ಇತ್ತು. ಎರಡು ಸಲ ತಗೊಂಡೆ."