ವಾಷಿಂಗ್ ಮಷೀನಿನ ಬ್ಲೂಸು

ಇವತ್ತು ಬೆಳಿಗ್ಗೆ ಹಾಲು ತರಲು ಹೊರಟವನು ಲಿಫ್ಟಿನೊಳಗೆ ಕಾಲಿಟ್ಟೊಡನೆ ಔಷಧಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಇಲ್ಲಿ ಸಿಂಗಾಪುರದ ಚೀನೀ ಹಿರಿಯರು ತಲೆನೋವಿಗೆ, ಮೊಣಕಾಲಿಗೆ, ಸೊಳ್ಳೆ ಕಡಿತಕ್ಕೆ, ಬಸ್ ಪ್ರಯಾಣಕ್ಕೆ, ಒಟ್ಟಿನಲ್ಲಿ ಬದುಕಿಗೇ ಹಚ್ಚಿಕೊಳ್ಳುವ ಹಸಿರು ಎಣ್ಣೆ ಅದು. ಹಚ್ಚಿಕೊಂಡವರು ಯಾವಾಗಲೋ ಇಳಿದು ಹೋಗಿದ್ದರು, ವಾಸನೆ ಮಾತ್ರ ಉಳಿದಿತ್ತು. ನಾನು ಬಟನ್ ಒತ್ತುವುದನ್ನೂ ಮರೆತು ನಿಂತೆ. ಬಾಗಿಲು ಮುಚ್ಚಿತು, ಲಿಫ್ಟು ಅಲುಗಲಿಲ್ಲ. ಕೆಳಗಿನಿಂದ ಯಾರೋ ಕರೆಯುವ ತನಕ ಆ ಕಬ್ಬಿಣದ ಡಬ್ಬದಲ್ಲಿ ನಾನೊಬ್ಬನೇ ಇದ್ದೆ. ನಿಮ್ಮಲ್ಲಿ ಸುಳ್ಳೇಕೆ, ವಿನ್ಸೆಂಟ್ ಅಂಕಲ್ ಜೊತೆ ಇದ್ದೆ.

ವಿನ್ಸೆಂಟ್ ಅಂಕಲ್ ನಮ್ಮ ಬ್ಲೂಸ್ ಸಂಘವನ್ನು, ಅಂದರೆ ಅಮೆರಿಕದ ಕಪ್ಪುಜನರ ಕಷ್ಟದ ಹಾಡುಗಳನ್ನು ನುಡಿಸುವವರ ಕೂಟವನ್ನು, ಕಟ್ಟಿದವರು. ಮೌತ್ ಆರ್ಗನ್ ನುಡಿಸುವ ಮೊದಲು ಎರಡೂ ಕಣತಲೆಗಳಿಗೆ ಈ ಎಣ್ಣೆ ಹಚ್ಚಿ, ಉಳಿದದ್ದನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದರು. ನಾನೇ ಮೊಮ್ಮಗಳನ್ನು ಕಂಡ ಮುದುಕ. ಆದರೆ ಸಿಂಗಾಪುರದಲ್ಲಿ ನಿಮಗಿಂತ ಒಂದು ವರ್ಷ ದೊಡ್ಡವರೂ ಅಂಕಲ್ಲೇ, ಟ್ಯಾಕ್ಸಿಯವನೂ ಅಂಕಲ್ಲೇ, ನನ್ನನ್ನು ಅಂಕಲ್ ಎಂದು ಕರೆಯುವವರಿಗೆ ಲೆಕ್ಕವೇ ಇಲ್ಲ.

ಸಂಘ ಎಂದೊಡನೆ ನಿಮಗೆ ಅಧ್ಯಕ್ಷರು, ಶಾಲು, ವಂದನಾರ್ಪಣೆ, ಬಿಸಿಬೇಳೆಬಾತು ಎಲ್ಲ ನೆನಪಾದರೆ ತಪ್ಪಲ್ಲ. ನನಗೂ ಹಾಗೇ ಆಗಿತ್ತು. ಇಲ್ಲಿ ಅಂಥದ್ದೇನೂ ಇರಲಿಲ್ಲ. ಕಲ್ಲಾಂಗ್‌ನ ಹಳೆಯ ಕಾರ್ಖಾನೆ ಕಟ್ಟಡವೊಂದರಲ್ಲಿ, ಬೋರ್ಡು ಬರೆಯುವವನ ಅಂಗಡಿ ಪಕ್ಕ, ಅಭ್ಯಾಸಕ್ಕೊಂದು ಕೋಣೆ ಇತ್ತು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಯಿಶುನ್‌ನ ನಮ್ಮ ಬ್ಲಾಕಿನ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಫ್ಲ್ಯಾಟುಗಳ ಕೆಳಗೆ ಖಾಲಿ ಬಿಟ್ಟಿರುವ ಜಾಗದಲ್ಲಿ, ಕಂಬಗಳ ನಡುವೆ ಬಾಜಾಬಜಂತ್ರಿ. ಜನ ಸಂಗೀತವನ್ನು ಕಿವಿಯೊಳಗೆ ತುರುಕಿಕೊಂಡು ಒಬ್ಬೊಬ್ಬರೇ ಓಡಾಡುತ್ತಾರೆ, ಎದುರಿಗೆ ಕೂತು ನುಡಿಸಿದರೆ ಕಿವಿಯಿಂದ ಅದನ್ನು ತೆಗೆಯುತ್ತಾರೆ ಎಂಬುದು ವಿನ್ಸೆಂಟ್ ಅಂಕಲ್ ನಂಬಿಕೆ. ಲಿಫ್ಟಿನಿಂದ ಹೊರಬಂದವರೇ ನಮ್ಮ ಶ್ರೋತೃಗಳು. ಕೆಲವರು ತರಕಾರಿ ಚೀಲ ಹಿಡಿದು ಒಂದು ಹಾಡು ಮುಗಿಯುವವರೆಗೆ ನಿಲ್ಲುತ್ತಿದ್ದರು. ಬಹಳ ಜನ ನಿಲ್ಲುತ್ತಿರಲಿಲ್ಲ.

ರಾಫೆಲ್ಸ್ ಪ್ಲೇಸಿನ ಬ್ಯಾಂಕೊಂದರಲ್ಲಿ ಇತರರು ಮಾಡಿದ ಕೆಲಸವನ್ನು ಮತ್ತೊಮ್ಮೆ ಪರಿಶೀಲಿಸುವ ಕೆಲಸದವನು, ಮೈಸೂರಿನ ಭಜನೆಯ ಮನೆಯಲ್ಲಿ ಬೆಳೆದವನು, ಅಲ್ಲಿಗೆ ಹೇಗೆ ಹೋಗಿ ಸೇರಿದೆ ಎಂದು ನೀವು ಕೇಳಬಹುದು. ಅದಕ್ಕೆ ನನ್ನ ಹೆಂಡತಿಯ ವಿಷಯ ಹೇಳಬೇಕು.

ವಸುಧಾ ಮಗಳ ಬಾಣಂತನಕ್ಕೆಂದು ಮೆಲ್ಬರ್ನ್‌ಗೆ ಹೋದಳು. ಮೂರು ತಿಂಗಳು ಅಂದುಕೊಂಡಿದ್ದೆವು. ಮಗುವಿಗೆ ಅನ್ನಪ್ರಾಶನವಾಗಲಿ ಅಂದರು. ಮಗಳು ಕೆಲಸಕ್ಕೆ ಮರಳಿದಳು, ಮಗು ನಡೆಯಲಿ ಅಂದರು. ಮಗು ನಡೆಯಿತು, ಓಡಿತು, ಈಗ ಚೀಲ ಹೆಗಲಿಗೇರಿಸಿಕೊಂಡು ಶಾಲೆಗೆ ಹೋಗುತ್ತಿದೆ. ಹೆಂಡತಿ ವರ್ಷಕ್ಕೊಮ್ಮೆ ನೆಂಟಳಂತೆ ಬರುತ್ತಾಳೆ, ಡಬ್ಬಗಳಿಗೆಲ್ಲ ಸಾರಿನ ಪುಡಿ, ಹುಳಿಪುಡಿ ತುಂಬುತ್ತಾಳೆ, ಹೋಗುತ್ತಾಳೆ. ಜಗಳವೇನೂ ಇಲ್ಲ. ಜಗಳವಿದ್ದಿದ್ದರೆ ರಾಜಿಯಾದರೂ ಆಗಬಹುದಿತ್ತು. ಅವಳು ಪೂರ್ತಿಯಾಗಿ ಯಾವಾಗ ಬರುತ್ತಾಳೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಇದೊಂದು ಪ್ರಶ್ನೆ ನಮ್ಮಿಬ್ಬರ ನಡುವೆ, ಯಾರೂ ಬಿಚ್ಚದ ಪಾರ್ಸೆಲ್ಲಿನಂತೆ, ಇಷ್ಟು ವರ್ಷ ಕೂತಿದೆ.

ದಿನಾ ಸಂಜೆ ಫೋನು ಮಾತ್ರ ತಪ್ಪುವುದಿಲ್ಲ.

“ಊಟ ಆಯ್ತಾ?”

“ಆಯ್ತು. ನಿಂದು?”

“ಆಯ್ತು. ಹೇಗಿದೀರಾ?”

“ಚೆನ್ನಾಗಿದೀನಿ.”

ಈ ‘ಚೆನ್ನಾಗಿದೀನಿ’ಯ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ನಮ್ಮ ಕಡೆಯವರಿಗೆ ಇದು ಉತ್ತರವಲ್ಲ, ಕೆಮ್ಮಿದ ಹಾಗೆ ತಾನಾಗಿ ಬರುವ ಶಬ್ದ. ನಮ್ಮ ತಂದೆ ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದಾಗ, ನೋಡಲು ಬಂದವರಿಗೆಲ್ಲ ಚೆನ್ನಾಗಿದೀನಿ, ನೀವು ಕಾಫಿ ಕುಡಿದ್ರಾ ಎಂದು ಕೇಳುತ್ತಿದ್ದರು. ಅವರ ಮಗ ನಾನು. ಬೇರೆ ಏನು ಹೇಳಿಯೇನು?

ನಿಜವಾಗಿ ಹೇಗಿದ್ದೆನೆಂದರೆ, ಭಾನುವಾರ ಮಧ್ಯಾಹ್ನಗಳು ನನ್ನನ್ನು ಹೆದರಿಸುತ್ತಿದ್ದವು. ವಾರದ ದಿನ ಇಲ್ಲಿನ ಮೆಟ್ರೋ ರೈಲು ಎಂಆರ್‌ಟಿಯಲ್ಲಿ ಮೈಗೆ ಮೈ ತಾಗಿಸಿಕೊಂಡು ನಿಂತರೆ ಅದೂ ಒಂದು ಬಗೆಯ ಸಂಸಾರವೇ. ಭಾನುವಾರ ಊಟ ಮುಗಿಸಿ, ಒಂದು ತಟ್ಟೆ, ಒಂದು ಲೋಟ ತೊಳೆದಿಟ್ಟ ಮೇಲೆ ಮನೆ ಬಾಯಿ ಮುಚ್ಚಿಕೊಂಡು ಕೂತುಬಿಡುತ್ತಿತ್ತು. ಅದಕ್ಕಾಗಿ ನಾನು ವಾಷಿಂಗ್ ಮಷೀನ್ ಹಾಕುತ್ತಿದ್ದೆ. ಒಂದು ಅಂಗಿ, ಒಂದು ಟವೆಲು, ತೊಳೆದದ್ದೇ ಆದ ಎರಡು ದಿಂಬಿನ ಚೀಲ. ಹಳೆಯ ಮಷೀನು. ಗೊಣಗುತ್ತಿತ್ತು, ನೀರು ಕುಡಿಯುತ್ತಿತ್ತು, ಕೊನೆಗೆ ಇಡೀ ಅಡುಗೆಮನೆ ನಡುಗುವ ಹಾಗೆ ಸುತ್ತುತ್ತಿತ್ತು. ಮನೆಯಲ್ಲಿ ಯಾರೋ ಕೆಲಸ ಮಾಡುತ್ತಿದ್ದಾರೆ ಅನ್ನಿಸುತ್ತಿತ್ತು. ನಾನು ಹಾಲ್‌ನಲ್ಲಿ ಪೇಪರು ಹಿಡಿದು, ಆ ಸದ್ದು ಕೇಳುತ್ತಾ, ಗೃಹಸ್ಥನಂತೆ ಕಾಲು ಚಾಚಿಕೊಳ್ಳುತ್ತಿದ್ದೆ. ನಗಬೇಡಿ.

ಒಂದು ಭಾನುವಾರ ಅದು ನಡುವೆಯೇ ಒಂದು ಸಲ ನರಳಿ ನಿಂತುಹೋಯಿತು. ಗುದ್ದಿದೆ, ಬೇಡಿಕೊಂಡೆ, ಸ್ವಿಚ್ಚು ಆರಿಸಿ ಹಾಕಿದೆ. ಏನೂ ಇಲ್ಲ. ಆ ನಿಶ್ಶಬ್ದದಲ್ಲಿಯೇ ಕೆಳಗಿನ ವಾಯ್ಡ್ ಡೆಕ್ಕಿನಿಂದ ಒಂದು ಮೌತ್ ಆರ್ಗನ್ ಕೇಳಿಸಿತು. ಎಷ್ಟು ತಿಂಗಳಿನಿಂದ ಅವರು ಅಲ್ಲಿ ನುಡಿಸುತ್ತಿದ್ದರೋ, ನನ್ನ ಮಷೀನಿನ ಗದ್ದಲದಲ್ಲಿ ನನಗೆ ಗೊತ್ತೇ ಆಗಿರಲಿಲ್ಲ. ಒದ್ದೆ ಅಂಗಿಯನ್ನು ಅಲ್ಲೇ ಬಿಟ್ಟು ಇಳಿದುಹೋದೆ.

ನಾಲ್ಕೈದು ಜನ ಇದ್ದರು. ಬೇಸ್ ಗಿಟಾರ್ ಹಿಡಿದವಳು ಪಕ್ಕದ ಬ್ಲಾಕಿನ ಮೇಘನಾ, ನಮ್ಮ ಮಂಡ್ಯದ ಎಂಜಿನಿಯರ್ ಒಬ್ಬರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ನನ್ನನ್ನು ಕಂಡು ಹುಬ್ಬಿನಲ್ಲೇ ನಮಸ್ಕಾರ ಹೇಳಿದಳು. ನಾನು ಕಲ್ಲು ಬೆಂಚಿನ ಮೇಲೆ ಕೂತು, ಸಜ್ಜನ ಶ್ರೋತೃವಿನಂತೆ ಚಪ್ಪಾಳೆ ತಟ್ಟುತ್ತಾ ತಾಳ ಹಾಕತೊಡಗಿದೆ. ಸ್ವಲ್ಪ ಹೊತ್ತಿಗೆ ಡ್ರಮ್ಮಿನವನು ನನ್ನ ಕಡೆ ನೋಡಿದ. ಗಿಟಾರಿನವನೂ ನೋಡಿದ. ಮೆಚ್ಚಿಕೊಂಡರೆಂದು ನಾನು ಇನ್ನೂ ಜೋರಾಗಿ ತಟ್ಟಿದೆ.

ಹಾಡು ಮುಗಿದ ಮೇಲೆ ಮೇಘನಾ ಹತ್ತಿರ ಬಂದಳು. “ಅಂಕಲ್, ಪ್ಲೀಸ್ ಡೋಂಟ್ ಮೈಂಡ್, ನೀವು ಒಂದಕ್ಕೆ ಕ್ಲ್ಯಾಪ್ ಮಾಡ್ತಿದೀರಾ. ಎರಡಕ್ಕೆ, ನಾಲ್ಕಕ್ಕೆ ಮಾಡ್ಬೇಕು. ಇಲ್ಲಾಂದ್ರೆ ನಾವೆಲ್ಲ ಕನ್‌ಫ್ಯೂಸ್ ಆಗ್ತೀವಿ ಲಾ.”

ಹುಟ್ಟಿದಾರಭ್ಯ ಭಜನೆಯಲ್ಲಿ ಮೊದಲ ಪೆಟ್ಟಿಗೇ ಕೈ ಸೇರಿಸಿ ಬಂದವನಿಗೆ ಇದೆಂಥ ಅನ್ಯಾಯ! ಮೊದಲನೆಯದನ್ನು ಖಾಲಿ ಬಿಟ್ಟು ಎರಡನೆಯದಕ್ಕೆ ತಟ್ಟಬೇಕಂತೆ. ಇವತ್ತಿಗೂ ಗಮನ ತಪ್ಪಿದರೆ ನನ್ನ ಕೈ ಒಂದಕ್ಕೇ ಓಡುತ್ತದೆ. ಅದಕ್ಕೇ ಸಂಘದಲ್ಲಿ ನನಗೆ ಸ್ಪೀಕರು ಹೊರುವ, ವೈರು ಸುತ್ತುವ ಕೆಲಸ ಕೊಟ್ಟರು. ಕೈಗೆ ಕೆಲಸವಿದ್ದರೆ ಚಪ್ಪಾಳೆ ಬರುವುದಿಲ್ಲವಲ್ಲ.

ಆದರೆ ಸೇರಿಕೊಳ್ಳುವ ಮೊದಲು ಒಂದು ಕಟ್ಟಳೆ ಇತ್ತು. ಹೊಸಬರು ಯಾರೇ ಬರಲಿ, ವಾದ್ಯ ಬರಲಿ ಬಾರದಿರಲಿ, ತಮ್ಮದೇ ಒಂದು ಕಷ್ಟವನ್ನು ಒಂದು ಸಾಲಿನಲ್ಲಿ ಹಾಡಬೇಕು. ಅದೇ ಸಾಲನ್ನು ಮತ್ತೊಮ್ಮೆ ಹಾಡಬೇಕು. ಆಮೇಲೆ ಮೂರನೆಯ ಸಾಲು, ಅದಕ್ಕೆ ಉತ್ತರದ ಹಾಗೆ. ಬ್ಲೂಸ್ ಹಾಡಿನ ಕಟ್ಟೋಣವೇ ಹಾಗಂತೆ.

“ಎರಡು ಸಲ ಯಾಕೆ?” ಎಂದು ಕೇಳಿದೆ.

“ಮೊದಲ ಸಲ ಯಾರೂ ಕೇಳಿಸ್ಕೊಳ್ಳಲ್ಲ ಲಾ,” ಎಂದರು ವಿನ್ಸೆಂಟ್ ಅಂಕಲ್. ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ನಾನು ಕನ್ನಡ ಮಾಡಿ ಹೇಳುತ್ತಿದ್ದೇನೆ, ಇಲ್ಲಿಯವರು ಮಾತಿನ ಬಾಲಕ್ಕೆ ಅಂಟಿಸುವ ‘ಲಾ’ ಒಂದನ್ನು ಇದ್ದ ಹಾಗೇ ಬಿಟ್ಟಿದ್ದೇನೆ, ಅದು ಅನುವಾದಕ್ಕೆ ಸಿಕ್ಕುವಂಥದ್ದಲ್ಲ.

ನನ್ನ ಕಷ್ಟ? ಅಷ್ಟು ಜನ ಅಪರಿಚಿತರ ಎದುರು? ಇಂಗ್ಲಿಷು ಪೂರ್ತಿ ಕೈಕೊಟ್ಟಿತು. ಕನ್ನಡದಲ್ಲೇ, ಭಜನೆಯ ಧಾಟಿಯಲ್ಲೇ ಶುರು ಮಾಡಿದೆ: ‘ವಾಷಿಂಗ್ ಮಷೀನು ಕೆಟ್ಟೋಯ್ತು, ಮೆಕ್ಯಾನಿಕ್ಕು ಬರಲಿಲ್ಲ.’ ಮತ್ತೊಮ್ಮೆ ಅದನ್ನೇ. ಆಮೇಲೆ, ‘ಬಕೆಟ್ಟಿದೆ, ಸೋಪಿದೆ, ಒಗೆಯೋದಂತೂ ಬರಲಿಲ್ಲ.’ ಮೇಘನಾ ಇಂಗ್ಲಿಷಿನಲ್ಲಿ ಅರ್ಥ ಹೇಳಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಲಿಫ್ಟಿಗೆ ಕಾಯುತ್ತಿದ್ದ ಮಲಯ್ ಹೆಂಗಸೊಬ್ಬಳು ಒನ್ಸ್ ಮೋರ್ ಎಂದು ಕೂಗಿದಳು.

ನಂಬುತ್ತೀರೋ ಇಲ್ಲವೋ, ಆ ಹಾಡು ನಮ್ಮ ಸಂಘದ ಪ್ರಾರ್ಥನಾಗೀತೆಯೇ ಆಗಿಹೋಯಿತು. ಪ್ರತಿ ತಿಂಗಳ ಕೂಟ ಅದರಿಂದಲೇ ಶುರು. ಇಷ್ಟು ವರ್ಷ ಬ್ಲಾಕಿನಲ್ಲಿ ಯಾರಿಗೂ ಗೊತ್ತಿಲ್ಲದೆ ಇದ್ದವನನ್ನು ಆಂಟಿಯರು ಲಿಫ್ಟಿನಲ್ಲಿ ಮಾತಾಡಿಸತೊಡಗಿದರು: “ಮಷೀನ್ ಓಕೆ ಆಲ್ರೆಡಿ?” ನಾನು ಹೊಸ ಸಾಲುಗಳನ್ನು ಸೇರಿಸುತ್ತಾ ಹೋದೆ. ಏರ್‌ಕಾನ್ ಸೋರುವುದು, ಟ್ರೈನು ನಿಲ್ಲುವುದು, ಹಾಕರ್ ಸೆಂಟರಿನ ತಿಂಡಿ ಅಂಗಡಿ ಸಾಲಿನಲ್ಲಿ ನನ್ನ ಮುಂದಿನವನಿಗೇ ಕೊನೆಯ ದೋಸೆ ಮುಗಿಯುವುದು. ಜನ ನಗುತ್ತಿದ್ದರು, ನಾನೂ ನಗುತ್ತಿದ್ದೆ, ವೈರು ಸುತ್ತಿಟ್ಟು ಮೇಲೆ ಬಂದು ಬಾಗಿಲು ತೆಗೆದರೆ ಮನೆ ಮೊದಲಿನ ಹಾಗೇ ಇರುತ್ತಿತ್ತು.

ವಿನ್ಸೆಂಟ್ ಅಂಕಲ್ ಮಾತ್ರ ಮೊದಲ ದಿನವೇ ನನ್ನ ಪಕ್ಕ ಕೂತು, ಕಣತಲೆ ಉಜ್ಜಿಕೊಳ್ಳುತ್ತಾ ಹೇಳಿದ್ದರು: “ತಮಾಷೆಯಾಗಿತ್ತು. ಆದ್ರೆ ಇದು ಬರೀ ಕಂಪ್ಲೇಂಟ್ ಲಾ, ಬ್ಲೂಸ್ ಅಲ್ಲ. ಮಷೀನ್ ರಿಪೇರಿ ಆದ್ಮೇಲೆ ಇನ್ನೊಂದು ಹಾಡು.” ನಾನು ತಲೆಯಾಡಿಸಿದೆ. ಮಷೀನು ರಿಪೇರಿಯಾಯಿತು, ಕೊನೆಗೆ ಅದನ್ನು ಕೊಟ್ಟು ಹೊಸದೂ ಬಂತು. ಹೊಸದಕ್ಕೆ ಸದ್ದೇ ಇಲ್ಲ. ಅವರು ಮತ್ತೆ ಕೇಳಲಿಲ್ಲ, ನನ್ನ ಸರದಿ ಬಂದಾಗ ಮಾತ್ರ ಮೌತ್ ಆರ್ಗನ್ ಕೆಳಗಿಟ್ಟು ಸುಮ್ಮನೆ ನನ್ನ ಮುಖ ನೋಡುತ್ತಿದ್ದರು. ನಾನು ದೋಸೆಯ ಸಾಲು ಹಾಡುತ್ತಿದ್ದೆ.

ಆಮೇಲಾಮೇಲೆ ಅವರಿಗೆ ಉಸಿರು ಸಾಲದಾಯಿತು. ಒಂದು ಹಾಡು ನುಡಿಸಿ ಎರಡು ಹಾಡು ಕೂರುತ್ತಿದ್ದರು. ಚೀನೀ ಹೊಸವರ್ಷ ಕಳೆದು ಸ್ವಲ್ಪ ದಿನಕ್ಕೆ ಆಸ್ಪತ್ರೆ ಸೇರಿದವರು ಮರಳಲಿಲ್ಲ. ಇಲ್ಲಿ ಮದುವೆಗೂ ಸಾವಿಗೂ ವಾಯ್ಡ್ ಡೆಕ್ಕೇ ಚಪ್ಪರ. ನಾವು ನುಡಿಸುತ್ತಿದ್ದ ಕಂಬಗಳ ನಡುವೆಯೇ ಬಿಳಿ ಪರದೆ ಕಟ್ಟಿ ಅವರನ್ನು ಮಲಗಿಸಿದ್ದರು. ಎಲ್ಲರೂ ವಾದ್ಯ ತಂದಿದ್ದೆವು. ಆದರೆ ಚೀನೀ ಪೂಜಾರಿಗಳ ಮಂತ್ರ ನಡೆಯುತ್ತಿತ್ತು, ಅದು ಮುಗಿಯುವಂತೆ ಕಾಣಲಿಲ್ಲ. ನಡುವೆ ಬಾಯಿ ಹಾಕುವುದು ಸರಿಯಲ್ಲವೆಂದು ಚೀಲದ ಬಾಯಿ ಬಿಚ್ಚದೆ ದುಂಡು ಮೇಜಿನ ಸುತ್ತ ಕೂತು ಕಡಲೆಕಾಯಿ ಸುಲಿದೆವು. ಮೇಘನಾ ಅಳುತ್ತಿದ್ದಳು. ನನಗೂ ಅಳು ಬರುತ್ತಿತ್ತು, ಆದರೆ ಯಾರಾದರೂ ಕೇಳಿದರೆ ಏನು ಹೇಳುತ್ತಿದ್ದೆನೆಂದು ನಿಮಗೇ ಗೊತ್ತು.

ಅವರ ಮಗಳು ಮೇಜಿಂದ ಮೇಜಿಗೆ ಬಂದು ಎಲ್ಲರನ್ನೂ ಮಾತಾಡಿಸುತ್ತಿದ್ದಳು. ನನ್ನ ಹತ್ತಿರ ಬಂದವಳು, “ವಾಷಿಂಗ್ ಮಷೀನ್ ಅಂಕಲ್ ನೀವೇ ಅಲ್ವಾ?” ಎಂದಳು. ಹೌದೆಂದೆ. “ಪಪ್ಪ ಮನೆಗೆ ಬಂದು ನಿಮ್ಮ ಹಾಡು ಹಾಡಿ ನಗಿಸ್ತಿದ್ರು. ಆಮೇಲೆ ಪ್ರತಿ ಸಲ ಒಂದೇ ಮಾತು ಹೇಳ್ತಿದ್ರು: ಪಾಪ, ಆ ಮನುಷ್ಯನಿಗೆ ಮನೇಲಿ ಯಾರೂ ಇಲ್ಲ.”

ನಾನು ಅವರಿಗೆ ವಸುಧಾಳ ವಿಷಯ ಎಂದೂ ಹೇಳಿರಲಿಲ್ಲ. ಒಬ್ಬರಿಗೂ ಹೇಳಿರಲಿಲ್ಲ.

ಆ ಮಾತನ್ನು ಇಷ್ಟು ತಿಂಗಳು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಪ್ರತಿ ಸಂಜೆ ಫೋನು ಬಂದಾಗ ಇವತ್ತು ಹೇಳಿಬಿಡಬೇಕು ಅಂದುಕೊಳ್ಳುವುದು, ಬಾಯಿ ತೆರೆದರೆ ಚೆನ್ನಾಗಿದೀನಿ ಬರುವುದು. ಇವತ್ತು ಹಾಲಿನ ಪ್ಯಾಕೆಟ್ಟು ತಂದು ಫ್ರಿಜ್ಜಿನಲ್ಲಿಡಲೂ ಮರೆತು, ಏನೂ ಮಾಡದೆ ಮಧ್ಯಾಹ್ನದವರೆಗೆ ಕೂತಿದ್ದೆ. ಊಟ ಮಾಡಲಿಲ್ಲ. ಸಂಘದ ಭಾನುವಾರ ಇದು. ಕೆಳಗೆ ಮೇಘನಾ ಮತ್ತು ಉಳಿದವರು ಶ್ರುತಿ ಮಾಡಿಕೊಳ್ಳುವುದು ಕೇಳಿಸುತ್ತಿತ್ತು. ನಾನು ಮೆಲ್ಬರ್ನ್‌ಗೆ ಫೋನು ಮಾಡಿದೆ.

“ಏನ್ರೀ ಇದು, ಈ ಹೊತ್ನಲ್ಲಿ? ಹುಷಾರಾಗಿದೀರಾ ತಾನೆ?” ಎಂದಳು ವಸುಧಾ. ಹಿಂದೆ ನಲ್ಲಿ ಸುರಿಯುವ ಸದ್ದು, ಪಾತ್ರೆಗಳ ಸದ್ದು.

“ನಂಗೆ ಇಲ್ಲಿ ಒಬ್ನೇ ಇರೋಕಾಗ್ತಿಲ್ಲ ಕಣೇ,” ಎಂದೆ.

“ಏನು? ನಲ್ಲಿ ಬಿಟ್ಟಿದೀನಿ, ಕೇಳಿಸ್ಲಿಲ್ಲ.”

ಫೋನಿಟ್ಟುಬಿಡಬಹುದಿತ್ತು. ಏನಿಲ್ಲ, ಸುಮ್ನೆ ಮಾಡ್ದೆ ಅನ್ನಬಹುದಿತ್ತು, ನಾಲಿಗೆಯ ತುದಿಗೆ ಅದು ಬಂದೂ ಇತ್ತು.

“ನಂಗೆ ಇಲ್ಲಿ ಒಬ್ನೇ ಇರೋಕಾಗ್ತಿಲ್ಲ.”

ನಲ್ಲಿ ನಿಂತಿತು. ಅವಳು ಕೈ ಒರೆಸಿಕೊಂಡು, ಯಾವುದೋ ಕೋಣೆಗೆ ನಡೆದು, ಬಾಗಿಲು ಹಾಕಿಕೊಂಡದ್ದು ಗೊತ್ತಾಯಿತು.

“ನಿಮ್ಗೆ ಸಂಗೀತ, ಫ್ರೆಂಡ್ಸು ಎಲ್ಲ ಇದೆ, ಆರಾಮಾಗಿದೀರಾ, ನಾನು ಬಂದು ಏನ್ಮಾಡೋದು ಅಂದ್ಕೊಂಡಿದ್ದೆ,” ಎಂದಳು. “ಮಗಳು ನಂಗೊಂದು ಕಪಾಟು ಕೊಟ್ಟಿದಾಳೆ ಕಣ್ರೀ, ಬಂದ ದಿನಾನೇ. ಅದ್ರಲ್ಲಿ ಒಂದು ಸೀರೆನೂ ಇಟ್ಟಿಲ್ಲ ನಾನು. ಇವತ್ತಿಗೂ ಸೂಟ್‌ಕೇಸಿಂದಾನೇ ತೆಕ್ಕೊಂಡು ಉಟ್ಕೋತೀನಿ.”